ಟಯರು ಎತ್ತರ ಇರಬೇಕೋ, ಅಗಲ ಇರಬೇಕೋ? ಘಟ್ಟದ ಮೇಲಿನ ಒಂದು ಹಳೇ ಲೆಕ್ಕ

ಟಯರಿಗೆಲ್ಲ ಇತಿಹಾಸ ಬರೀತಾನಲ್ಲ ಇವನು ಅಂತ ನಗಬೇಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕುಗಳ ಕತೆಯನ್ನು ರಾಜರ ಹೆಸರು ಹಿಡಿದು ಹೇಳಬಹುದು, ಅಡಿಕೆ ದರ ಹಿಡಿದು ಹೇಳಬಹುದು. ಚಕ್ರದ ಎತ್ತರ ಹಿಡಿದೂ ಹೇಳಬಹುದು. ನಂಗೆ ಸೋದೆ ಅರಸರ ವಂಶಾವಳಿ ಎಷ್ಟು ಸಲ ಓದಿದರೂ ನೆನಪಿರೋದಿಲ್ಲ, ಟಯರಿನ ಸೈಜು ಮಾತ್ರ ಒಮ್ಮೆ ನೋಡಿದರೆ ಮರೆಯೋದಿಲ್ಲ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಂದು ಬಿದ್ದವರ ಹಣೆಬರಹ ಇದು :)

ಇತ್ತೀಚೆಗೆ ಊರ ಕಡೆ ಹೋದವರು ಗಮನಿಸಿರಬಹುದು. ಮೊದಲು ಕೆಲವು ಹುಡುಗರ ಜೀಪಿಗೆ ಮಾತ್ರ ಇದ್ದ ಶೋಕಿ ಈಗ ಅಡಿಕೆ, ಗೊಬ್ಬರ ಹೊರುವ ಪಿಕಪ್ಪುಗಳಿಗೂ ಬಂದಿದೆ. ಹಿಂದಿನ ಸ್ಪ್ರಿಂಗಿಗೆ ಒಂದು ಪ್ಲೇಟು ಜಾಸ್ತಿ ಹಾಕಿಸಿ ಗಾಡಿಯನ್ನು ಒಂದೆರಡು ಇಂಚು ಎತ್ತರಿಸುವುದು, ಆಮೇಲೆ ಚಕ್ರದ ಮೇಲೆ ಖಾಲಿ ಖಾಲಿ ಕಾಣುತ್ತದೆ ಅಂತ ದೊಡ್ಡ ಟಯರು ಹುಡುಕುವುದು. ಯಾವ ಟಯರು, ಎಷ್ಟು ದೊಡ್ಡದು, ಅಗಲ ಎಷ್ಟಿರಬೇಕು ಅನ್ನೋದು ಮದುವೆ ಮನೆಯ ಪಂಕ್ತಿಯಲ್ಲೂ ಚರ್ಚೆ ಆಗುತ್ತಿದೆ.

ಈ ಪ್ರಶ್ನೆ ನಮ್ಮಲ್ಲಿ ಹೊಸದೇನಲ್ಲ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಜಗಳಕ್ಕೆ ಬರಬಹುದು. ನಮ್ಮ ಕಡೆ ಚಕ್ರವನ್ನು ಆರಿಸಿದ್ದು ದೊಡ್ಡ ರಸ್ತೆಯಲ್ಲ. ದೊಡ್ಡ ರಸ್ತೆಯಿಂದ ತೋಟದ ಮನೆಯ ಅಂಗಳಕ್ಕೆ ಇಳಿಯುವ ಕೊನೆಯ ಅರ್ಧ ಮೈಲಿ. ಆ ಅರ್ಧ ಮೈಲಿ ಪ್ರತಿ ಸಲವೂ ಎತ್ತರದ, ಸಪೂರ ಚಕ್ರವನ್ನೇ ಕೇಳಿದೆ.

*

ಶುರುವಿನಲ್ಲಿ ಚಕ್ರವೇ ಇರಲಿಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಸೋದೆ, ಶಿರಸಿ ಕಡೆ ತಿರುಗಾಡಿ ನಮ್ಮ ಅಡಿಕೆ, ಕಾಳುಮೆಣಸಿನ ತೋಟಗಳ ಬಗ್ಗೆ ಬರೆದುಕೊಂಡು ಹೋದ ಕಾಲಕ್ಕೆ ಘಟ್ಟ ಇಳಿಯುವ ಸರಕೆಲ್ಲ ಹೇರೆತ್ತಿನ ಬೆನ್ನ ಮೇಲೆ, ಇಲ್ಲವೇ ಆಳಿನ ತಲೆ ಮೇಲೆ. ನಮ್ಮ ತೋಟಗಳು ಇರೋ ಜಾಗ ನೋಡಿದರೆ ಕಾರಣ ತಿಳಿಯುತ್ತದೆ. ಎರಡು ಗುಡ್ಡದ ನಡುವಿನ ಕಣಿವೆಯ ತಳದಲ್ಲಿ ನೀರು ಹರಿಯುವಲ್ಲಿ ತೋಟ, ಅದರ ತಲೆಯ ಮೇಲೆ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಹಳ್ಳ ದಾಟಬೇಕು, ಹಳ್ಳಕ್ಕೆ ಅಡಿಕೆ ಮರದ ಸಂಕ. ಸಂಕದ ಮೇಲೆ ಯಾವ ಚಕ್ರ ಹೋದೀತು?

ಚಕ್ರ ಬಂದಿದ್ದು ಹತ್ತಿಯಿಂದ. ನಮ್ಮಲ್ಲಿ ಹತ್ತಿ ಬೆಳೆಯೋದಿಲ್ಲ. ಬೆಳೆಯೋದು ಧಾರವಾಡದ ಕಪ್ಪು ಮಣ್ಣಿನಲ್ಲಿ, ಹಡಗು ಹತ್ತೋದು ಕುಮಟಾದಲ್ಲಿ. ನಡುವೆ ನಾವು! ಕುಮಟಾ ಬಂದರಿನಿಂದ ಹೋಗುತ್ತಿತ್ತೆಂದು ಆ ಹತ್ತಿಗೆ ಬ್ರಿಟಿಷ್ ವ್ಯಾಪಾರಿಗಳ ನಡುವೆ ಕುಮಟಾ ಹತ್ತಿ ಎಂದೇ ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಲ್ಯಾಂಕಾಶೈರಿನ ಗಿರಣಿಗಳ ಕಣ್ಣು ನಮ್ಮ ಘಟ್ಟಗಳ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ಮತ್ತು ಕಾರವಾರ ಬಂದರಿನ ಲೆಕ್ಕಾಚಾರ ಇತ್ತು. ಮ್ಯಾಂಚೆಸ್ಟರಿನ ಒಂದು ಕಂಪನಿಯಂತೂ ಹತ್ತಿ ಒತ್ತುವ ಯಂತ್ರಗಳನ್ನು ಕಾರವಾರದ ಕಡೆಗೆ ಹಡಗಿನಲ್ಲಿ ಕಳಿಸಿಯೇಬಿಟ್ಟಿತು. ಯಂತ್ರ ಬಂದಾಗ ಘಟ್ಟದ ರಸ್ತೆ ಮುಗಿದಿರಲಿಲ್ಲ. ಈಗಿನ ಪ್ರಾಜೆಕ್ಟ್ ಮ್ಯಾನೇಜರುಗಳಿಗೆ ಈ ಕತೆ ಹೊಸದು ಅನಿಸಲಿಕ್ಕಿಲ್ಲ.

ಅಂತೂ ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆ, ಕಾರವಾರದ ಕಡೆಗೆ ಅರಬೈಲ್ ಘಟ್ಟ, ಸಿದ್ದಾಪುರದ ಕಡೆಯಿಂದ ಹೊನ್ನಾವರಕ್ಕೆ ಗೇರುಸೊಪ್ಪೆ ಘಟ್ಟ ಗಾಡಿ ದಾರಿಗಳಾದವು. ಗಾಡಿ ಬಂತು, ಗಾಡಿಯ ಜೊತೆ ಚಕ್ರದ ಪ್ರಶ್ನೆಯೂ ಬಂತು.

ಹಳೆಯ ಎತ್ತಿನ ಗಾಡಿಯ ಚಕ್ರವನ್ನು ನೆನಪಿಸಿಕೊಳ್ಳಿ. ಆಳಿನ ಎದೆಮಟ್ಟಕ್ಕೆ ಬರುವಷ್ಟು ಎತ್ತರ, ಆದರೆ ನೆಲಕ್ಕೆ ತಾಗುವ ಕಬ್ಬಿಣದ ಹಳಿ ಎರಡು ಬೆರಳಗಲವೋ ಮೂರು ಬೆರಳಗಲವೋ ಇದ್ದರೆ ಹೆಚ್ಚು. ಬಡಗಿಗೆ ಯಾರೂ ಫಿಸಿಕ್ಸ್ ಹೇಳಿಕೊಟ್ಟಿರಲಿಲ್ಲ. ಆದರೆ ಅದೇ 1830, 40ರ ದಶಕಗಳಲ್ಲಿ ಫ್ರಾನ್ಸಿನಲ್ಲಿ ಡ್ಯೂಪ್ವಿ ಮತ್ತು ಮೊರಾಂ ಎನ್ನುವ ಇಬ್ಬರು ಎಂಜಿನಿಯರುಗಳು ಇದೇ ವಿಷಯಕ್ಕೆ ಗುದ್ದಾಡುತ್ತಿದ್ದರು. ಚಕ್ರದ ವ್ಯಾಸ ದೊಡ್ಡದಾದಷ್ಟೂ ಎಳೆಯುವ ಶ್ರಮ ಅದೇ ಪ್ರಮಾಣದಲ್ಲಿ ಕಡಿಮೆ ಅಂತ ಮೊರಾಂ. ಅಲ್ಲ, ವ್ಯಾಸದ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಅಂತ ಡ್ಯೂಪ್ವಿ. ಎಷ್ಟು ಅನ್ನುವುದರಲ್ಲಿ ಜಗಳ, ಎತ್ತರದ ಚಕ್ರ ಹಗುರ ಅನ್ನುವುದರಲ್ಲಿ ಇಬ್ಬರೂ ಒಂದೇ. ಗುಂಡಿಗೆ ಬಿದ್ದ ಚಿಕ್ಕ ಚಕ್ರ ಗೋಡೆ ಹತ್ತಬೇಕು, ದೊಡ್ಡ ಚಕ್ರ ಇಳಿಜಾರು ಹತ್ತಿದರೆ ಸಾಕು. ಎತ್ತಿಗೆ ಇದು ಮೊದಲೇ ಗೊತ್ತಿತ್ತು ಬಿಡಿ.

ಇನ್ನು ಅಗಲ. ಸಪೂರ ಹಳಿಯ ಗಾಡಿಗಳು ರಸ್ತೆಯನ್ನು ಚಾಕು ಹಾಕಿದ ಹಾಗೆ ಸೀಳುತ್ತವೆ. ಇಂಗ್ಲೆಂಡಿನವರಿಗೆ ಈ ಕಾಟ ನೂರು ವರ್ಷ ಮೊದಲೇ ಸಾಕಾಗಿ, 1753ರಲ್ಲಿ ಸುಂಕದ ರಸ್ತೆಗಳಲ್ಲಿ ಓಡುವ ದೊಡ್ಡ ಗಾಡಿಗಳ ಚಕ್ರ 9 ಇಂಚು ಅಗಲ ಇರಬೇಕೆಂದು ಕಾನೂನು ಮಾಡಿದ್ದರು. ಅಗಲ ಚಕ್ರ ರೋಲರಿನ ಹಾಗೆ ರಸ್ತೆಯನ್ನು ತಟ್ಟಿಕೊಂಡು ಹೋಗುತ್ತದೆ ಅಂತ ಅವರ ಆಸೆ. ಇಲ್ಲಿ ಒಂದು ವಿಷಯ ಗಮನಿಸಿ, ಮುಂದೆ ಬೇಕಾಗುತ್ತದೆ. ಅಗಲ ಚಕ್ರ ಬೇಕು ಅಂದಿದ್ದು ರಸ್ತೆಯ ಯಜಮಾನ, ಸಪೂರ ಚಕ್ರ ಬೇಕು ಅಂದಿದ್ದು ಗಾಡಿಯವನು. ಊರ ಒಳಗಿನ ದಾರಿಯಲ್ಲಿ ಮಾತ್ರ ಈ ಇಬ್ಬರೂ ಒಬ್ಬನೇ. ನಾವೇ ಗಾಡಿ ಹೊಡೆಯುವವರು, ದೀಪಾವಳಿಯ ಹೊತ್ತಿಗೆ ಗುದ್ದಲಿ ಹಿಡಿದು ದಾರಿ ಸರಿಮಾಡುವವರೂ ನಾವೇ.

1880ರ ದಶಕದ ಕೊನೆಗೆ ಮರ್ಮಗೋವಾ ಬಂದರಿಗೆ ರೈಲಾಯಿತು. ಹತ್ತಿ ನಮ್ಮ ಘಟ್ಟ ಬಿಟ್ಟು ಗೋವಾದ ದಾರಿ ಹಿಡಿಯಿತು, ಕುಮಟಾ ಬಂದರು ಸೊರಗಿತು. ರಸ್ತೆ ಮತ್ತು ಗಾಡಿ ಮಾತ್ರ ನಮಗೇ ಉಳಿದವು. ಹತ್ತಿಗಾಗಿ ಕಡಿದ ದಾರಿಯಲ್ಲಿ ಅಡಿಕೆ ಓಡಾಡಿತು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸೊಸೈಟಿ ಹುಟ್ಟಿದ ಮೇಲೆ ಅಡಿಕೆ ಮೂಟೆಗಳೆಲ್ಲ ಅದರ ಕಡೆಗೆ ಹೊರಟವಲ್ಲ, ಅವು ಹೊರಟಿದ್ದು ಈ ಎತ್ತರದ, ಸಪೂರ ಚಕ್ರಗಳ ಮೇಲೆ.

ಕಬ್ಬಿಣದ ಹಳಿ ಹೋಗಿ ಗಾಳಿ ತುಂಬಿದ ಟಯರ್ ಗಾಡಿ ಬಂದಾಗ ಬಯಲುಸೀಮೆಯವರು ಖುಷಿಪಟ್ಟಷ್ಟು ನಾವು ಖುಷಿಪಟ್ಟಂತಿಲ್ಲ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿ ಸುಧಾರಣೆಯನ್ನೇ ತಮ್ಮ ಕೆಲಸ ಮಾಡಿಕೊಂಡಿದ್ದರು. ಐಐಎಂ ಅಂದ ತಕ್ಷಣ ಲಕ್ಷಗಳ ಸಂಬಳ ನೆನಪಾಗುವ ನಮ್ಮ ಪೀಳಿಗೆಗೆ ಇದು ಆಶ್ಚರ್ಯ. ನಮ್ಮ ಮಟ್ಟಿಗೆ ಆ ಸುಧಾರಣೆಗೆ ಮೊದಲೇ ಬೇರೊಂದು ಗಾಡಿ ಬಂದಾಗಿತ್ತು.

*

ಜೀಪು!

ಅದಕ್ಕೆ ಮೊದಲು ಲಾರಿಯ ಬಗ್ಗೆ ಎರಡು ಮಾತು ಹೇಳಬೇಕು. ಯಾಕೆಂದರೆ ಜೀಪಿಗೆ ಎತ್ತರ ಬೇಕಾಗಿದ್ದು ಲಾರಿಯ ದೆಸೆಯಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯ ಹಳೆಯ ಲಾರಿಗಳು, ಜೀಪುಗಳು ಹರಾಜಿಗೆ ಬಂದು ದೇಶದ ತುಂಬ ಹರಡಿದವು. ನಮ್ಮ ಕಾಡುಗಳಲ್ಲಿ ನಾಟಾ ಸಾಗಿಸಲು ಕೂಪಿನ ರಸ್ತೆಗಳಾದವು. ಮಳೆಗಾಲ ಮುಗಿದೊಡನೆ ನಾಟಾ ಲಾರಿಗಳು ಓಡಿ ಓಡಿ ಆ ಮಣ್ಣಿನ ರಸ್ತೆಯಲ್ಲಿ ಮೊಣಕಾಲುದ್ದ ಜಾಡು ಬೀಳುತ್ತಿತ್ತು. ಕಾಡು ಕಡಿಯುವುದರ ವಿರುದ್ಧ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯವರು ಮರ ಅಪ್ಪಿಕೊಂಡು ನಿಂತ ಅಪ್ಪಿಕೋ ಚಳವಳಿ ನಿಮಗೆ ಗೊತ್ತೇ ಇದೆ. ಆ ಚಳವಳಿಯ ಬಗ್ಗೆ ಬರೆಯುವವರು ಕೊಡಲಿ, ಗರಗಸದ ಬಗ್ಗೆ ಬರೆಯುತ್ತಾರೆ, ಲಾರಿಯ ಜಾಡಿನ ಬಗ್ಗೆ ಯಾರೂ ಬರೆಯೋದಿಲ್ಲ. ನಮ್ಮ ಎಷ್ಟೋ ಹಳ್ಳಿಗಳ ದಾರಿ ಮೂಲದಲ್ಲಿ ಕೂಪಿನ ದಾರಿಯೇ.

ಲಾರಿಯ ಟಯರು 9.00-20 ಅಂದರೆ ಸುಮಾರು ಒಂದು ಮೀಟರ್ ಎತ್ತರ. ಲಾರಿಯ ಎರಡು ಬದಿಯ ಚಕ್ರಗಳ ನಡುವಿನ ಅಂತರವೂ ಜಾಸ್ತಿ. ಜೀಪಿನದ್ದು ಸುಮಾರು 4 ಅಡಿ. ಹಾಗಾಗಿ ಜೀಪು ಲಾರಿಯ ಜಾಡಿನಲ್ಲಿ ಕೂರುವುದೇ ಇಲ್ಲ. ಒಂದು ಬದಿಯ ಚಕ್ರ ಜಾಡಿನಲ್ಲಿದ್ದರೆ ಇನ್ನೊಂದು ಬದಿಯದ್ದು ನಡುವಿನ ದಿಬ್ಬದ ಮೇಲೆ. ಗಾಡಿ ವಾರೆಯಾಗಿ, ಆಕ್ಸಲ್ಲಿನ ನಡುವಿನ ಆ ಕಬ್ಬಿಣದ ಗುಂಡು ದಿಬ್ಬಕ್ಕೆ ತಾಗಿ, ನಾಲ್ಕೂ ಚಕ್ರ ತಿರುಗುತ್ತಿದ್ದರೂ ಗಾಡಿ ಅಲ್ಲಾಡುವುದಿಲ್ಲ. ಇದನ್ನು ಅನುಭವಿಸಿದ ಮೇಲೇ ನಮ್ಮ ಡ್ರೈವರುಗಳು ಎತ್ತರ ಎತ್ತರ ಅಂತ ಜಪ ಮಾಡಲು ಶುರುಮಾಡಿದ್ದು. ಸಿನಿಮಾದಲ್ಲಿ ತೋರಿಸುವ ಹಾಗೆ ಬಂಡೆ ಹತ್ತಲು ಅಲ್ಲ.

ಈಗ ಜೀಪು. 1941ರಿಂದ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಕಂಪನಿ ಮಾಡಿದ ಜೀಪಿನ ಟಯರು 6.00-16. ಅಂದರೆ 6 ಇಂಚು ಅಗಲ, ರಿಮ್ಮು 16 ಇಂಚು, ಒಟ್ಟು ಎತ್ತರ ಸುಮಾರು 73 ಸೆಂ.ಮೀ. ಸಪೂರ ಟಯರು! ಯಾವ ದಿಕ್ಕಿಗೆ ತಿರುಗಿಸಿದರೂ ಒಂದೇ ಥರ ಹಿಡಿಯುವ ಗೆರೆಗಳು ಅದಕ್ಕೆ. ಮುಂದೆ ಹೋದಷ್ಟೇ ಚೆನ್ನಾಗಿ ಹಿಂದೆಯೂ ಬರಬೇಕಲ್ಲ, ಯುದ್ಧ ಅಂದಮೇಲೆ. 1945ರಲ್ಲಿ ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ 1947ರಲ್ಲಿ ಮುಂಬೈಯಲ್ಲಿ ಈ ಜೀಪುಗಳನ್ನು ಜೋಡಿಸಲು ಹೊರಟಿತು, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಬಾನೆಟ್ಟು ಎತ್ತರ ಇರುವ ಆ ಹಳೇ ಜೀಪು ಇದೆಯಲ್ಲ, ನಮ್ಮ ಕಡೆ ಒಂದು ಕಾಲದಲ್ಲಿ ಅನುಕೂಲಸ್ಥರ ಅಂಗಳದಲ್ಲೆಲ್ಲ ನಿಂತಿರುತ್ತಿದ್ದದ್ದು, ಅದು 1953ರಲ್ಲಿ ಅಮೆರಿಕದಲ್ಲಿ ಬಂದ ಸಿಜೆ-3ಬಿ. ಒಳಗೆ ಕೂರಿಸಿದ ಹೊಸ ಎಂಜಿನ್ನು ಎತ್ತರವಾಗಿತ್ತು, ಅದಕ್ಕೇ ಬಾನೆಟ್ಟೂ ಎತ್ತರ. ಅಷ್ಟೇ ಅದರ ಗುಟ್ಟು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಲೆಕ್ಕ ಇದೆ. ಸೈನ್ಯದ ಜೀಪನ್ನು ಯುದ್ಧದ ನಂತರ ರೈತರಿಗೆ ಮಾರಲು ಹೊರಟಾಗ ವಿಲ್ಲಿಸ್‌ನವರು ಟಯರು ದೊಡ್ಡದು ಮಾಡಲಿಲ್ಲ. ಆಕ್ಸಲ್ಲಿನ ಗೇರಿನ ಅನುಪಾತ ಬದಲಾಯಿಸಿದರು. ಸೈನ್ಯದ ಜೀಪಿನಲ್ಲಿ 4.88 ಇದ್ದದ್ದು ರೈತರ ಜೀಪಿನಲ್ಲಿ 5.38 ಆಯಿತು. ಅಂದರೆ ಎಂಜಿನ್ ಅದೇ, ಟಯರು ಅದೇ, ನೆಲಕ್ಕೆ ತಲುಪುವ ಎಳೆತ ಮಾತ್ರ ಶೇಕಡಾ 10 ಜಾಸ್ತಿ. ನೇಗಿಲು, ಟ್ರೇಲರು ಎಳೆಯುವವನಿಗೆ ಬೇಕಾಗಿದ್ದು ಅದು. ಇದನ್ನೇ ತಿರುಗಿಸಿ ನೋಡಿ. ಟಯರನ್ನು ಶೇಕಡಾ 10 ಎತ್ತರದ್ದು ಹಾಕಿದರೆ ಅಷ್ಟೂ ಎಳೆತವನ್ನು ಕಳೆದುಕೊಂಡ ಹಾಗೆ. ರೈತನಿಗಾಗಿ ಮಾಡಿದ ಗಾಡಿ ವಾಪಸ್ಸು ಸೈನ್ಯದ ಗಾಡಿ ಆಗುತ್ತದೆ :)

ಸರಿ, ಆ ಸಪೂರ ಟಯರು ನಮ್ಮ ಮಣ್ಣಿಗೆ ಅಷ್ಟು ಚೆನ್ನಾಗಿ ಹೊಂದಿದ್ದು ಯಾಕೆ? ನಮ್ಮದು ಜಂಬಿಟ್ಟಿಗೆಯ ನೆಲ. ಜೂನಿನಿಂದ ಸೆಪ್ಟೆಂಬರಿನ ತನಕ ಬಿಡದೆ ಮಳೆ ಹೊಡೆದಾಗ ಮೇಲಿನ ಒಂದೆರಡು ಇಂಚು ಕೆಂಪು ರಾಡಿಯಾಗುತ್ತದೆ, ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಅದರ ಕೆಳಗೆ ಗಟ್ಟಿ ನೆಲ, ಗರಸು ಇರುತ್ತದೆ. ಸಪೂರ ಟಯರಿನ ಮೇಲೆ ಅಷ್ಟೇ ಭಾರ ಕಡಿಮೆ ಜಾಗದಲ್ಲಿ ಬೀಳುವುದರಿಂದ ಅದು ರಾಡಿಯನ್ನು ಕೊರೆದು ಕೆಳಗಿನ ಗರಸನ್ನು ಹಿಡಿಯುತ್ತದೆ. ಅಗಲ ಟಯರು ರಾಡಿಯ ಮೇಲೇ ತೇಲುತ್ತದೆ. ಗದ್ದೆಯ ಆಳದ ಕೆಸರಿನಲ್ಲಿ, ಸಮುದ್ರದ ಮರಳಿನಲ್ಲಿ ತೇಲುವುದೇ ಒಳ್ಳೇದು, ತಳ ಸಿಗದ ಕಡೆ ಮುಳುಗಿ ಏನು ಮಾಡೋದು? ನಮ್ಮ ಇಳಿಜಾರಿನಲ್ಲಿ ತೇಲಿದರೆ ಗಾಡಿ ಸೀದಾ ತೋಟಕ್ಕೆ. ಇನ್ನೂ ಜಾರಿದರೆ ಟಯರಿಗೆ ಚೈನು ಕಟ್ಟುತ್ತಿದ್ದರು. ಹಳೇ ಜೀಪಿನಲ್ಲಿ ಟಯರಿಗೂ ಮೇಲಿನ ತಗಡಿಗೂ ನಡುವೆ ಕೈ ಹಾಕುವಷ್ಟು ಜಾಗ ಇತ್ತಲ್ಲ, ಅದು ಶೋಕಿಗೆ ಬಿಟ್ಟದ್ದಲ್ಲ. ಚೈನು ತಿರುಗಲು, ಮೆತ್ತಿಕೊಂಡ ಮಣ್ಣು ಉದುರಲು ಬೇಕಾದ ಜಾಗ. "ಖಾಲಿ ಖಾಲಿ ಕಾಣ್ತು" ಅಂತ ನಮ್ಮ ಹುಡುಗರು ತುಂಬಿಸಲು ಹೊರಟಿರುವುದು ಇದೇ ಜಾಗವನ್ನು.

ನನ್ನ ಅಜ್ಜನ ಕಾಲದ ಜೀಪುಗಳಲ್ಲಿ ಏನೇನು ಹೋಗುತ್ತಿತ್ತು ಅನ್ನುವುದನ್ನೂ ಹೇಳಬೇಕು. ಅಡಿಕೆ ಮೂಟೆ, ಸೊಸೈಟಿಯ ಅಕ್ಕಿ, ಗೊಬ್ಬರ, ಮದುವೆಯ ದಿಬ್ಬಣ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರು, ಹಾವು ಕಚ್ಚಿಸಿಕೊಂಡವರು. ಜೀಪು ದಾರಿ ಹತ್ತುತ್ತದೋ ಇಲ್ಲವೋ ಅನ್ನುವುದು ಆಗ ಬರೀ ಗಾಡಿಯ ಪ್ರಶ್ನೆ ಆಗಿರಲಿಲ್ಲ. ದಾರಿ ಹತ್ತದಿದ್ದರೆ ಕಂಬಳಿಯ ಜೋಲಿಯಲ್ಲಿ ಹೊತ್ತುಕೊಂಡು ಹೋಗಬೇಕಿತ್ತು.

*

2000ನೇ ಇಸವಿ ನಮ್ಮ ಟಯರ್ ಪುರಾಣದಲ್ಲಿ ಒಂದು ತಿರುವು. ಆ ವರ್ಷ ಬೊಲೆರೋ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯೂ ಶುರುವಾಯಿತು. ಡಾಂಬರು ಒಳಗೊಳಗೆ ಬರತೊಡಗಿತು. ಬೊಲೆರೋದ ಟಯರು 215/75 ಆರ್ 15. ಈ ಹೊಸ ಥರದ ನಂಬರನ್ನು ಬಿಡಿಸುವುದು ಸುಲಭ. ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 75, ಅದು ಮೇಲೊಂದು ಕೆಳಗೊಂದು, ನಡುವೆ 15 ಇಂಚಿನ ರಿಮ್ಮು. ಕೂಡಿಸಿದರೆ 70 ಸೆಂ.ಮೀ. ಚಿಲ್ಲರೆ. ನೋಡಿದಿರಾ? 1941ರ ಜೀಪಿಗಿಂತ ಅಗಲ ಜಾಸ್ತಿ, ಎತ್ತರ ಕಡಿಮೆ! ರಸ್ತೆ ಒಳ್ಳೇದಾದ ಹಾಗೆ ಟಯರು ಕುಳ್ಳಗಾಗಿ ದಪ್ಪ ಆಯಿತು. ಡಾಂಬರಿನ ಮೇಲೆ, ತಿರುವುಗಳಲ್ಲಿ, ಬ್ರೇಕ್ ಹಾಕುವಾಗ ಅಗಲ ಒಳ್ಳೆಯದೇ. ಅದನ್ನು ನಾನು ಬೇಡ ಅನ್ನೋದಿಲ್ಲ. ತಮಾಷೆ ಏನೆಂದರೆ, ಕೂಪಿನ ಜಾಡು ಇದ್ದ ಕಾಲದಲ್ಲಿ 73 ಸೆಂ.ಮೀ. ಟಯರಿನಲ್ಲಿ ಸಂಸಾರ ನಡೆಯಿತು, ಮನೆಯ ಹತ್ತಿರದವರೆಗೆ ಡಾಂಬರು ಬಂದ ಮೇಲೆ ನಮಗೆ 31 ಇಂಚಿನ ಟಯರು ಬೇಕಾಗಿದೆ.

ಈ ಲೆಕ್ಕಗಳಿಗೆಲ್ಲ ನಾನು ಕೂತಿದ್ದು ನಮ್ಮ ಅಣ್ಣನಿಂದಾಗಿ. ಮನೆಯ ಪಿಕಪ್ಪಿಗೆ 7.00-15 ಟಯರು ಇದೆ, ಸವೆದಿದೆ. ಹಿಂದೆ ಒಂದು ಪ್ಲೇಟು ಸೇರಿಸಿ ಎತ್ತರಿಸಿದ್ದೂ ಆಗಿದೆ. "ತಮಾ, ನೀ ಇಂಜಿನಿಯರ್ರು. ಯಾವ ಟಯರ್ ಹಾಕಕು ಹೇಳು" ಅಂದ. ಅವನ ಮನಸ್ಸಿನಲ್ಲಿದ್ದದ್ದು 31 ಇಂಚು ಎತ್ತರದ, ಹತ್ತೂವರೆ ಇಂಚು ಅಗಲದ, ದೊಡ್ಡ ದೊಡ್ಡ ಗುಂಡಿಗಳಿರುವ ಟಯರು. ನೋಡಲು ಚಂದ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮನೆಯ ಇಳಿಜಾರಿನಲ್ಲಿ ಹನ್ನೊಂದು ಮನೆಗಳ ದಾರಿ ಒಂದೇ. ಅರ್ಧದಲ್ಲಿ ಕೆರೆಯ ಪಕ್ಕ ಒಂದು ತಿರುವು. ಆ ಹನ್ನೊಂದು ಮನೆಗಳಲ್ಲಿ ಅರ್ಧದಷ್ಟರಲ್ಲಿ ಈಗ ವಯಸ್ಸಾದವರು ಮಾತ್ರ ಇದ್ದಾರೆ, ಮಕ್ಕಳೆಲ್ಲ ನನ್ನ ಹಾಗೆ ಬೆಂಗಳೂರಿನಲ್ಲಿ. ಜುಲೈ ತಿಂಗಳ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಅವರ ಮನೆಯಂಗಳದ ಕಾರು ಹತ್ತುವುದಿಲ್ಲ, ಅಣ್ಣನ ಪಿಕಪ್ಪೇ ಹತ್ತಬೇಕು. ಹಾಗಾಗಿ ಉತ್ತರವನ್ನು ಚಂದ ನೋಡಿ ಹೇಳುವ ಹಾಗಿರಲಿಲ್ಲ.

ಒಂದು ಕಾಗದ ತೆಗೆದುಕೊಂಡು ಕೂತೆವು. ಮೊದಲನೆಯ ಮಾತು, ಪ್ಲೇಟು ಸೇರಿಸಿ ಗಾಡಿ ಎತ್ತರಿಸಿದರೆ ಎತ್ತರವಾಗುವುದು ಮೈ ಮಾತ್ರ. ಆಕ್ಸಲ್ಲು, ಅದರ ಗುಂಡು ಇದ್ದಲ್ಲೇ ಇರುತ್ತವೆ. ದಿಬ್ಬಕ್ಕೆ ತಾಗುವುದು ಆ ಗುಂಡು. ಅದನ್ನು ಎತ್ತುವ ತಾಕತ್ತು ಇರುವುದು ಟಯರಿಗೆ ಮಾತ್ರ, ಅದೂ ಟಯರಿನ ಎತ್ತರ ಎಷ್ಟು ಹೆಚ್ಚಿತೋ ಅದರ ಅರ್ಧದಷ್ಟು. ಈಗಿರುವ 7.00-15 ಸುಮಾರು 75 ಸೆಂ.ಮೀ. ಎತ್ತರ. 31 ಇಂಚು ಅಂದರೆ 79 ಸೆಂ.ಮೀ. ಹತ್ತಿರ. ಆಕ್ಸಲ್ಲು ಏಳುವುದು ಎರಡು ಸೆಂ.ಮೀ. ಕೂಡ ಇಲ್ಲ! ಅದಕ್ಕೆ ಬದಲಾಗಿ ಅಗಲ ಸುಮಾರು 18 ಸೆಂ.ಮೀ. ಇದ್ದದ್ದು 27 ಸೆಂ.ಮೀ. ಆಗುತ್ತದೆ. ಇಳಿಜಾರಿನ ರಾಡಿಯಲ್ಲಿ ತೇಲಲು ಅಷ್ಟು ಸಾಕು. ಹೊಸ ರಿಮ್ಮು ಬೇರೆ ಬೇಕು, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಟಯರು ಉಜ್ಜುತ್ತದೋ ನೋಡಬೇಕು, ಚೈನು ಕಟ್ಟುವ ಮಾತೇ ಬಿಡಿ.

ಇನ್ನೊಂದು, ಪೇಟೆಯಲ್ಲಿ ದೊಡ್ಡ ಟಯರು ಅಂತ ಮಾರುವ 235/75 ಆರ್ 15. ದಪ್ಪ ಇರುವುದರಿಂದ ದೊಡ್ಡದು ಕಾಣುತ್ತದೆ. ಲೆಕ್ಕ ಹಾಕಿದರೆ ಎತ್ತರ 73 ಸೆಂ.ಮೀ. ಚಿಲ್ಲರೆ, ಅಂದರೆ ಈಗಿರುವ ಹಳೇ ಟಯರಿಗಿಂತ ಕುಳ್ಳ. ಅದರ ಮೇಲೆ ಲೋಡ್ ಇಂಡೆಕ್ಸ್ 105 ಅಂತ ಬರೆದಿದ್ದರೆ ಒಂದು ಟಯರು ಹೊರುವುದು 925 ಕೆ.ಜಿ. ಅಡಿಕೆ, ಗೊಬ್ಬರ ಹೊರುವ ಗಾಡಿಗೆ ಟಯರಿನ ಅಗಲಕ್ಕಿಂತ ಮೊದಲು ನೋಡಬೇಕಾದ ನಂಬರು ಇದು. ಕಾರಿನ ಟಯರನ್ನು ಪಿಕಪ್ಪಿಗೆ ಹಾಕಿ ಮೂಟೆ ಹೇರುವವರನ್ನು ನೋಡಿದರೆ ನನಗೆ ಹೆದರಿಕೆ ಆಗುತ್ತದೆ.

ಹಾಗಾದರೆ 7.50-16? ಸಪೂರ ಮತ್ತು ಎತ್ತರ, ಸುಮಾರು 80 ಸೆಂ.ಮೀ. ನನ್ನ ಇಡೀ ವಾದಕ್ಕೆ ಸರಿಹೊಂದುವ ಟಯರು. ಆದರೆ ಅಲ್ಲಿ ಮತ್ತೊಂದು ಲೆಕ್ಕ ಎದುರಾಗುತ್ತದೆ. ಟಯರು ಶೇಕಡಾ 7 ಎತ್ತರವಾದರೆ ಎಳೆತ ಹೆಚ್ಚುಕಡಿಮೆ ಅಷ್ಟೇ ಕಡಿಮೆ ಆಗುತ್ತದೆ, ಅದೇ ಕಾಲಿನ ಒತ್ತಿಗೆ ಬ್ರೇಕಿನ ಹಿಡಿತವೂ ಅಷ್ಟೇ ಕಡಿಮೆ ಆಗುತ್ತದೆ. ಹತ್ತುವಾಗಿನ ಕೊರತೆಯನ್ನು ಒಂದು ಗೇರು ಇಳಿಸಿ ಸರಿಮಾಡಬಹುದು. ಮೂಟೆ ಹೇರಿಕೊಂಡು ದೇವಿಮನೆ ಘಟ್ಟ ಇಳಿಯುವಾಗಿನ ಕೊರತೆಗೆ ಏನು ಮಾಡೋದು? ಸ್ಪೀಡೋಮೀಟರು ಬೇರೆ 60 ತೋರಿಸುವಾಗ ಗಾಡಿ 64ರಲ್ಲಿ ಇರುತ್ತದೆ. ಪಕ್ಕದ ಊರಿನವರೊಬ್ಬರ ಪಿಕಪ್ಪಿಗೆ ಯಾವುದೋ ಗ್ಯಾರೇಜಿನಲ್ಲಿ ಹಿಂದೆ ಎರಡು ಪ್ಲೇಟು ಸೇರಿಸಿ, ಬ್ರೇಕಿನ ಪೈಪು ಎಳೆದುಕೊಂಡಿದ್ದನ್ನು ನೋಡದೇ ಬಿಟ್ಟಿದ್ದರಂತೆ. ಪುಣ್ಯಕ್ಕೆ ಅಂಗಳದಲ್ಲೇ ಗೊತ್ತಾಯಿತು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೆಎ-31 ಬೋರ್ಡಿನ ಗಾಡಿಗಳನ್ನು ನೋಡಿದರೆ ಆ ಸುದ್ದಿ ಇನ್ನೂ ಘಟ್ಟ ಹತ್ತಿದ ಹಾಗೆ ಕಾಣೋದಿಲ್ಲ. ಆದರೆ ಅಪಘಾತವಾದ ದಿನ ವಿಮೆಯವರಿಗೆ ಅದು ಖಂಡಿತ ನೆನಪಾಗುತ್ತದೆ.

ಅಪ್ಪಯ್ಯ ಇಷ್ಟು ಹೊತ್ತೂ ಅಡಿಕೆ ಸುಲಿಯುತ್ತ ಕೇಳುತ್ತಿದ್ದವರು, "ಟಯರ್ ಎತ್ರ ಮಾಡೂ ಬದ್ಲು ಜಾಡಿಗೆ ಗರಸು ಹಾಕ್ರೋ" ಅಂದರು. 1753ರ ಇಂಗ್ಲೆಂಡಿನ ಪಾರ್ಲಿಮೆಂಟು ಒಪ್ಪುತ್ತಿತ್ತೋ ಇಲ್ಲವೋ, ನಾವಂತೂ ಒಪ್ಪಿದೆವು. ದೊಡ್ಡ ಗುಂಡಿಯ ಅಗಲ ಟಯರು ನಾಲ್ಕು ಚಕ್ರಕ್ಕೂ ಹಾಕಿ ಓಡಿಸಿದರೆ ಒಂದೇ ಮಳೆಗಾಲದಲ್ಲಿ ಆ ದಾರಿ ಕೂಪಿನ ದಾರಿ ಆಗುತ್ತಿತ್ತು, ಉಳಿದ ಹತ್ತು ಮನೆಯವರ ಸ್ಕೂಟರು, ಆಟೋ ಹತ್ತುತ್ತಿರಲಿಲ್ಲ. ಕೊನೆಗೆ ಅದೇ 7.00-15 ಅಳತೆಯಲ್ಲಿ ಹಿಂದೆ ಲಗ್ ಇರುವ ಟಯರು, ಮುಂದೆ ಉದ್ದ ಗೆರೆಯ ರಿಬ್ ಟಯರು ಅಂತಾಯಿತು. ಜಾಸ್ತಿ ಹಾಕಿಸಿದ ಪ್ಲೇಟು ಇರಲಿ, ಮೂಟೆ ಹೇರಿದಾಗ ಗಾಡಿ ಕುಸಿಯೋದಿಲ್ಲ. ಆದರೆ ಬ್ರೇಕಿನ ಪೈಪು ಮತ್ತು ಪ್ರೊಪೆಲ್ಲರ್ ಶಾಫ್ಟಿನ ಕೋನ ನೋಡಿಸಿಯೇ ಗಾಡಿ ಹೊರಡಬೇಕು. ಉಳಿದ ದುಡ್ಡಿನಲ್ಲಿ ಕೆರೆಯ ಪಕ್ಕದ ತಿರುವಿಗೆ ನಾಲ್ಕು ಲೋಡು ಗರಸು ಬಿತ್ತು. ಅಣ್ಣನಿಗೆ 31 ಇಂಚಿನ ಆಸೆ ಪೂರ್ತಿ ಹೋದಂತಿಲ್ಲ. ಫೋನಿನಲ್ಲಿ ಫೋಟೋ ಕಳಿಸುತ್ತಲೇ ಇರುತ್ತಾನೆ.

ಇದೆಲ್ಲ ದಾರಿ ಇದ್ದ ಕಡೆಯ ಮಾತು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ತೋಟದ ಮೇಲೆ ಜಾರಿ ಬಂದಾಗ ದಾರಿಯೂ ಅದರ ಜೊತೆ ಹೋಯಿತು. ಅಂಥ ಕಡೆ ಯಾವ ಸೈಜಿನ ಟಯರೂ ಲೆಕ್ಕಕ್ಕೆ ಬರೋದಿಲ್ಲ. ಅದನ್ನು ಬರೆಯಲು ಬೇರೆಯೇ ಕೂರಬೇಕು.

ಸದ್ಯಕ್ಕೆ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಹಳೇ ಜೀಪಿನ ಪಕ್ಕ ಅಜ್ಜನೋ, ದೊಡ್ಡಪ್ಪನೋ ನಿಂತಿರುವ ಫೋಟೋ ಇದ್ದೇ ಇರುತ್ತದೆ. ಸ್ಕ್ಯಾನ್ ಮಾಡಿ ಕಳಿಸಿ. ಅಜ್ಜನ ಮುಖ ಅರ್ಧ ಬಂದಿದ್ದರೂ ಅಡ್ಡಿಲ್ಲ, ಟಯರು ಪೂರ್ತಿ ಕಾಣುವಂತಿರಲಿ :)